ಸತ್ತ ಮೀನು, ಬಲೆ ಮತ್ತು ನಮ್ಮ ಮನೆಯ ಫ್ಲಶ್

ಬೆಂಗಳೂರಿನ ಯಾವುದೋ ಕೆರೆಯಲ್ಲಿ ಬೆಳಗಾಗುವಷ್ಟರಲ್ಲಿ ನೂರಾರು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದರೆ ಮುಂದಿನ ಕಥೆ ನಿಮಗೆ ಗೊತ್ತೇ ಇದೆ. ವಾಕಿಂಗ್ ಹೋದವರು ಮೂಗು ಮುಚ್ಚಿಕೊಂಡು ಫೋಟೋ ತೆಗೆಯುತ್ತಾರೆ. ಎಂಟು ಗಂಟೆಯೊಳಗೆ ಅದು ನಾಲ್ಕು ವಾಟ್ಸಾಪ್ ಗ್ರೂಪ್ ದಾಟಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಮನವಿ ರೆಡಿ: ಈ ಕೆರೆಯಲ್ಲಿ ಮೀನುಗಾರಿಕೆ ನಿಲ್ಲಿಸಿ, ಗುತ್ತಿಗೆ ರದ್ದು ಮಾಡಿ. ಸಹಿ ಹಾಕೋಕೆ ಯಾರಿಗೂ ಹಿಂಜರಿಕೆ ಇರಲ್ಲ. ಮೀನು ಸತ್ತಿದೆ, ಮೀನು ಹಿಡಿಯುವವನು ಅಲ್ಲೇ ಇದ್ದಾನೆ, ಇನ್ನೇನು ಬೇಕು?

ಇಲ್ಲಿ ಎರಡು ಪ್ರಶ್ನೆಗಳಿವೆ. ಮೀನು ಯಾಕೆ ಸತ್ತಿತು ಅನ್ನೋದು ಒಂದು. ಮುಂದೆ ಸಾಯದಿರಬೇಕಾದರೆ ಯಾರು ಏನನ್ನು ಬಿಟ್ಟುಕೊಡಬೇಕು ಅನ್ನೋದು ಇನ್ನೊಂದು. ಮೊದಲನೆಯದು ವಿಜ್ಞಾನದ ಪ್ರಶ್ನೆ, ಎರಡನೆಯದು ನ್ಯಾಯದ ಪ್ರಶ್ನೆ. ನಾವು ಸಾಮಾನ್ಯವಾಗಿ ಎರಡನೆಯದಕ್ಕೆ ಮೊದಲು ಉತ್ತರ ಹೇಳಿ, ಆಮೇಲೆ ಅದಕ್ಕೆ ಹೊಂದುವ ವಿಜ್ಞಾನ ಹುಡುಕುತ್ತೇವೆ. ನನ್ನ ತಕರಾರು ಇರೋದು ಅದರ ಬಗ್ಗೆ.

ಮೊದಲು ಮೀನಿನ ವಿಚಾರ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನೆನಪಿರಬಹುದು. ಇಂಥ ಸಾವಿಗೆ ವಿಷವೇ ಬೇಕಿಲ್ಲ, ಉಸಿರು ಕಟ್ಟಿದರೆ ಸಾಕು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿ ಇಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಮೀನಿಗೆ ಸಿಗುವ ಉಸಿರೇ ಕಡಿಮೆ. ಅದರ ಮೇಲೆ ಕೊಳಚೆ ಸೇರಿದರೆ, ಕೊಳಚೆಯನ್ನು ಕೊಳೆಸುವ ಬ್ಯಾಕ್ಟೀರಿಯಾಗಳಿಗೂ ಅದೇ ಆಮ್ಲಜನಕ ಬೇಕು. ಕೊಳಚೆಯ ಪೋಷಕಾಂಶ ತಿಂದು ಕೊಬ್ಬಿದ ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಉಸಿರಾಡಿ ಅದನ್ನು ಖಾಲಿ ಮಾಡುತ್ತದೆ. ಮೀನು ಹೆಚ್ಚಾಗಿ ಬೆಳಗಿನ ಜಾವ ಸಾಯೋದು ಅದಕ್ಕೇ. ಮೊದಲ ಮಳೆಗೆ ರಾಜಕಾಲುವೆಯ ತಳದ ಕೊಳೆಯೆಲ್ಲ ಒಮ್ಮೆಲೇ ಕೆರೆಗೆ ನುಗ್ಗಿದಾಗಲೂ ಇದೇ ಆಗುತ್ತದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡದ ಪ್ರಕಾರ ಮೀನು ಬದುಕುವ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು. ಒಂದು ತಮಾಷೆ ನೋಡಿ. ಮಧ್ಯಾಹ್ನ ಎರಡು ಗಂಟೆಯ ಬಿಸಿಲಲ್ಲಿ ಸ್ಯಾಂಪಲ್ ತೆಗೆದರೆ, ಪಾಚಿಯ ದಯೆಯಿಂದ ಕೊಳೆತ ಕೆರೆಯೂ ಪಾಸಾಗಿಬಿಡಬಹುದು. ಬೆಳಗಿನ ಐದು ಗಂಟೆಗೆ ಅದೇ ಕೆರೆ ಫೇಲ್. ಡೇಟಾ ಇದೆ ಅಂದ ಮಾತ್ರಕ್ಕೆ ವಿಜ್ಞಾನ ಇದೆ ಅಂತಲ್ಲ. ಯಾವ ಹೊತ್ತಿನ ಡೇಟಾ, ಯಾರು ತೆಗೆದದ್ದು ಅಂತ ಕೇಳಲೇಬೇಕು.

ಹಾಗಂತ ಬಲೆ ಹಿಡಿದವರೆಲ್ಲ ಸಾಧುಗಳು ಅಂತ ನಾನು ಹೇಳ್ತಿಲ್ಲ. ಕೆರೆಯ ಮೀನಿನ ಹಕ್ಕು ಹರಾಜಿಗೆ ಬಂದಾಗ ಅದು ಪಾರಂಪರಿಕ ಮೀನುಗಾರನ ಕೈಗೇ ಹೋಗುತ್ತೆ ಅನ್ನೋ ಖಾತ್ರಿ ಇಲ್ಲ, ದುಡ್ಡಿರುವ ಕಾಂಟ್ರಾಕ್ಟರ್ ಕೈಗೂ ಹೋಗಬಹುದು. ಬಿಟ್ಟುಹೋದ ನೈಲಾನ್ ಬಲೆಗೆ ನೀರುಕಾಗೆಯ ಕಾಲು ಸಿಕ್ಕಿಕೊಳ್ಳುತ್ತದೆ. ಕಾಮನ್ ಕಾರ್ಪ್ ಜಾತಿಯ ಗೆಂಡೆ ತಳದ ಕೆಸರನ್ನು ಕೆದಕಿ ನೀರು ರಾಡಿ ಮಾಡುತ್ತದೆ. ಹುಲ್ಲುಗೆಂಡೆಯನ್ನು ಲೆಕ್ಕವಿಲ್ಲದೆ ಬಿಟ್ಟರೆ ನೀರೊಳಗಿನ ಗಿಡಗಳೇ ಉಳಿಯಲ್ಲ. ನಮ್ಮ ದೇಶದಲ್ಲಿ ಸಾಕಲು ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ ಕೆರೆ ಸೇರಿದರೆ ಉಳಿದ ಮೀನುಗಳ ಗತಿ ಮುಗಿಯಿತು. ಇವೆಲ್ಲ ನಿಜವಾದ ಹಾನಿಗಳು. ಇವಕ್ಕೆ ನಿಯಮ ಬೇಕು, ದಂಡವೂ ಬೇಕು.

ಆದರೆ ಎಂಥ ನಿಯಮ? 'ಮಂಗಳೂರಿನಲ್ಲಿ ಮಳೆಗಾಲದ ನಿಷೇಧ ಇದೆಯಲ್ಲ, ಕೆರೆಗೂ ತನ್ನಿ' ಅಂತ ಕೆಲವರು ವಾದಿಸುತ್ತಾರೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಸಾಂಪ್ರದಾಯಿಕ ನಾಡದೋಣಿಗೆ ವಿನಾಯಿತಿ ಇದೆ. ಯಾರ ಬಲೆ ಹೆಚ್ಚು ಹಾನಿ ಮಾಡಬಲ್ಲದೋ ಅವರ ಮೇಲೆ ಹೆಚ್ಚು ಭಾರ ಅನ್ನೋ ಲೆಕ್ಕ ಅದು. ಕೆರೆಯ ಕಥೆ ಬೇರೆ. ನಮ್ಮ ಕೆರೆಗಳಿಗೆ ಮರಿ ತಂದು ಬಿಡುವ ಕಾಟ್ಲಾ, ರೋಹು, ಮೃಗಾಲ್ ಉತ್ತರದ ನದಿಗಳ ಮೀನುಗಳು. ಹರಿಯುವ ನೀರಿನ ಮೀನು ಇವು, ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡೋದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿ ಹಾರ್ಮೋನ್ ಚುಚ್ಚಿ ಇವುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಮೀನುಮರಿ ಸಾಕಣೆ ಈ ಮಟ್ಟಕ್ಕೆ ಬೆಳೆದದ್ದು. ಹಾಗಾಗಿ ಕೆರೆಯ ಕಾಟ್ಲಾಗೆ ಮಳೆಗಾಲದ ರಜೆ ಕೊಟ್ಟರೆ ಒಂದು ಮರಿಯೂ ಹೆಚ್ಚಾಗಲ್ಲ, ಎರಡು ತಿಂಗಳ ಕೂಲಿ ಮಾತ್ರ ಹೋಗುತ್ತೆ. ನಿಜಕ್ಕೂ ಮಳೆಗಾಲದಲ್ಲಿ ಮರಿ ಮಾಡೋದು ನಮ್ಮ ಸಣ್ಣಪುಟ್ಟ ನಾಡಮೀನುಗಳು. ಹೊಸ ನೀರಿಗೆ ಎದುರೇರಿ ಹೋಗುವ ಅವನ್ನು ಮಲೆನಾಡಿನವರು ಹತ್ತುಮೀನು ಅಂತಾರೆ. ಅವುಗಳಿಗಾಗಿ ಮಾಡಬೇಕಾದ ನಿಯಮ ಚಿಕ್ಕದು: ಮೊದಲ ಮಳೆಯ ದಿನಗಳಲ್ಲಿ ಕೋಡಿಗೂ ಕಾಲುವೆಯ ಬಾಯಿಗೂ ಬಲೆ ಕಟ್ಟಬೇಡಿ. ವಿಜ್ಞಾನ ಸರಿಯಾಗಿ ಕೇಳಿಸಿಕೊಂಡರೆ ನಿಯಮ ಎಷ್ಟೋ ಸಲ ಹೀಗೆ ಚಿಕ್ಕದಾಗುತ್ತದೆ, ನೋವೂ ಕಡಿಮೆಯಾಗುತ್ತದೆ.

ಈಗ ಇನ್ನೊಂದು ಲೆಕ್ಕ. ಕೆರೆಯಿಂದ ಮೀನು ಹಿಡಿದು ಹೊರಗೆ ಒಯ್ದಾಗ ಅದರ ಜೊತೆ ಪಾಚಿಗೆ ಗೊಬ್ಬರವಾಗುವ ಫಾಸ್ಫರಸ್ ಕೂಡ ಹೊರಗೆ ಹೋಗುತ್ತೆ, ಮೀನಿನ ತೂಕದ ಹೆಚ್ಚುಕಡಿಮೆ ಅರ್ಧ ಪರ್ಸೆಂಟ್. 10 ಟನ್ ಮೀನು ಅಂದರೆ ಸುಮಾರು 50 ಕಿಲೋ. ಹೊರಗಿನಿಂದ ಮೇವು ತಂದು ಸುರಿಯದಿದ್ದರೆ ಮೀನುಗಾರ ಕೆರೆಯನ್ನು ಅಷ್ಟರ ಮಟ್ಟಿಗೆ ತೊಳೆಯುತ್ತಿದ್ದಾನೆ ಅಂತಲೇ ಅರ್ಥ. ಆದರೆ ಇದನ್ನೂ ಉಬ್ಬಿಸುವುದು ಬೇಡ. ಒಬ್ಬ ಮನುಷ್ಯ ವರ್ಷಕ್ಕೆ ಮಲಮೂತ್ರದಲ್ಲಿ ಹೊರಹಾಕುವ ಫಾಸ್ಫರಸ್ ಅಂದಾಜು ಅರ್ಧ ಕಿಲೋ. ಅಂದರೆ 10 ಟನ್ ಮೀನು ಹೊತ್ತೊಯ್ಯೋದು ನೂರು ಜನರ ಒಂದು ವರ್ಷದ ಫ್ಲಶ್ ಮಾತ್ರ. ನಿಮ್ಮ ಅಪಾರ್ಟ್‌ಮೆಂಟಿನ ಒಂದೇ ಟವರ್‌ನಲ್ಲಿ ಎಷ್ಟು ಜನ ಇದ್ದಾರೆ ಎಣಿಸಿ ನೋಡಿ. ಆ ನೀರು ಸಂಸ್ಕರಣೆಯಾಗದೆ ಕೆರೆ ಸೇರಿದರೆ ಬಲೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹಾಗಿದ್ದೂ ಮನವಿ ಬರೋದು ಬಲೆಯ ಮೇಲೆ. ಯಾಕೆಂದರೆ ಬಲೆ ಕಣ್ಣಿಗೆ ಕಾಣುತ್ತೆ, ಪೈಪು ಕಾಣಲ್ಲ. ಬಲೆಗೆ ಒಬ್ಬ ಒಡೆಯ ಇದ್ದಾನೆ, ಪೈಪಿಗೆ ಲಕ್ಷ ಜನ. ಬೆಳ್ಳಂದೂರಲ್ಲೂ ಹೆಚ್ಚುಕಡಿಮೆ ಹೀಗೇ ಆಯ್ತು. 2017ರ ಫೆಬ್ರವರಿಯಲ್ಲಿ ಕೆರೆಗೆ ಬೆಂಕಿ ಬಿತ್ತು. ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸುತ್ತಲಿನ ಕೈಗಾರಿಕೆಗಳನ್ನು ಮುಚ್ಚಲು ಹೇಳಿತು. ಕೆಲವು ಕೈಗಾರಿಕೆಗಳ ತಪ್ಪು ಇದ್ದೇ ಇತ್ತು, ಬಿಡಿ. ಆದರೆ ಆ ಕೆರೆಗೆ ಬರುತ್ತಿದ್ದ ಕೊಳಚೆಯ ಬಹುಪಾಲು ಮನೆಗಳದ್ದು. ಫ್ಯಾಕ್ಟರಿಗೆ ಬೀಗ ಹಾಕಬಹುದು, ಬಚ್ಚಲಿಗೆ ಹಾಕೋಕಾಗಲ್ಲ. ಹೀಗೆ ತಪ್ಪು ಎಷ್ಟು ಅನ್ನೋದಕ್ಕಿಂತ ಯಾರು ಸುಲಭವಾಗಿ ಸಿಕ್ಕುತ್ತಾರೆ ಅನ್ನೋದರ ಮೇಲೆ ನಿಯಮದ ಭಾರ ಬೀಳುತ್ತದೆ.

'ಕೆರೆ ಎಲ್ಲರದ್ದು, ಅದಕ್ಕೇ ಹಾಳಾಯ್ತು' ಅನ್ನುವ ವಾದ ಹಳೆಯದು. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಬರೆದ ಪ್ರಸಿದ್ಧ ಲೇಖನದ ಸಾರವೂ ಹೆಚ್ಚುಕಡಿಮೆ ಇದೇ. ಎಲಿನಾರ್ ಆಸ್ಟ್ರಮ್ ಇದನ್ನು ಪ್ರಶ್ನಿಸಿದರು. ಜಗತ್ತಿನ ಬೇರೆಬೇರೆ ಕಡೆಯ ಮೀನುಗಾರರು, ನೀರಾವರಿ ಬಳಸುವ ರೈತರು ತಮ್ಮ ತಮ್ಮಲ್ಲೇ ನಿಯಮ ಮಾಡಿಕೊಂಡು ತಲೆಮಾರುಗಟ್ಟಲೆ ನೀರು, ಮೀನು ಉಳಿಸಿಕೊಂಡದ್ದನ್ನು ಅವರು ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಗುರುತಿಸಿದ ಸೂತ್ರಗಳಲ್ಲಿ ಒಂದು ತೀರಾ ಸರಳ: ನಿಯಮ ಯಾರಿಗೆ ತಟ್ಟುತ್ತದೋ ಅವರಿಗೆ ಆ ನಿಯಮ ಮಾಡುವುದರಲ್ಲಿ ಪಾಲಿರಬೇಕು. ನಮ್ಮ ಕೆರೆಯ ಮೀಟಿಂಗು ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ. ಮೀನುಗಾರನಿಗೆ ವಾರದ ಅತಿ ಹೆಚ್ಚು ವ್ಯಾಪಾರದ ಹೊತ್ತು ಅದೇ.

ಶಾಲೆಯಲ್ಲಿ 'ಕೆರೆಗೆ ಹಾರ' ಓದಿದವರಿಗೆ ಇದು ಹೊಸ ಕಥೆ ಅನ್ನಿಸಬಾರದು. ಕಟ್ಟಿಸಿದ ಕೆರೆಗೆ ನೀರು ಬರಲ್ಲ. ಪಂಚಾಂಗ ತೆಗೆಸುತ್ತಾರೆ, ಹಾರ ಕೊಡಬೇಕು ಅಂತ ಬರುತ್ತೆ. ಹಿರಿಸೊಸೆಯನ್ನು ಕೊಡೋಣ ಅಂದರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲವಾಗುತ್ತೆ. ಕೊನೆಗೆ ಕಿರಿಸೊಸೆ ಭಾಗೀರಥಿ. ಬಲಿ ಬೇಕು ಅಂದದ್ದು ಶಾಸ್ತ್ರ ಇರಬಹುದು, ಯಾರು ಅನ್ನೋದನ್ನು ತೀರ್ಮಾನಿಸಿದ್ದು ಮನೆಯೊಳಗಿನ ಲೆಕ್ಕಾಚಾರ. ಇವತ್ತು ಪಂಚಾಂಗದ ಜಾಗದಲ್ಲಿ ಲ್ಯಾಬ್ ರಿಪೋರ್ಟ್ ಇದೆ. ಅದು ಪಂಚಾಂಗಕ್ಕಿಂತ ಸಾವಿರ ಪಾಲು ನಂಬಿಕಸ್ಥ. ಆದರೆ ಆಮ್ಲಜನಕ ಎರಡಕ್ಕೆ ಇಳಿದಿದೆ ಅಂತ ರಿಪೋರ್ಟ್ ಹೇಳಬಲ್ಲದೇ ಹೊರತು, ಅದಕ್ಕಾಗಿ ಯಾರ ಹೊಟ್ಟೆಪಾಡು ಹೋಗಬೇಕು ಅಂತ ಹೇಳಲ್ಲ. ಅದನ್ನು ಹೇಳುತ್ತಿರೋದು ನಾವು. ಹೇಳುವಾಗ ಹಿರಿಸೊಸೆಯ ಜಾಗದಲ್ಲಿ ನಾವೇ ಕೂತಿದ್ದೇವೆ ಅನ್ನೋದನ್ನು ಮರೆಯಬಾರದು.

ಹಾಗಾದರೆ ಏನು ಮಾಡೋಣ? ಬೆಳಗಿನ ಜಾವದ ಅಳತೆಯನ್ನೂ ತೆಗೆಸಿ, ಕೆರೆಯ ಬೋರ್ಡಿನ ಮೇಲೆ ಬರೆಸಿ. ಯಾವ ಮರಿ, ಎಷ್ಟು ಬಿಡಬೇಕು, ಬಲೆಯ ಕಣ್ಣು ಎಷ್ಟಿರಬೇಕು ಅಂತ ಗುತ್ತಿಗೆಯಲ್ಲೇ ಬರೆಸಿ, ಹಳೆ ಬಲೆ ವಾಪಸ್ ತರುವ ಹೊಣೆಯೂ ಅದರಲ್ಲಿರಲಿ. ಹಕ್ಕಿ ಗೂಡು ಕಟ್ಟುವ ಜೊಂಡಿನ ಮೂಲೆಗೆ ಬಲೆ ಬೇಡ, ಸರಿ. ಆದರೆ ಅದೇ ಬೋರ್ಡಿನ ಮೇಲೆ ಸುತ್ತಲಿನ ಪ್ರತಿ ಅಪಾರ್ಟ್‌ಮೆಂಟಿನ ಎಸ್‌ಟಿಪಿಯಿಂದ ಹೊರಬರುವ ನೀರಿನ ಅಳತೆಯೂ ಇರಲಿ. ಮೀಟಿಂಗ್ ಸಂಜೆಗೆ ಇಡಿ, ಬಲೆಯವರನ್ನೂ ಕರೆಯಿರಿ, ಅವರು ಕನ್ನಡದಲ್ಲಿ ಮಾತಾಡಿದರೆ ನೀವೂ ಕನ್ನಡದಲ್ಲೇ ಉತ್ತರಿಸಿ.

ಇನ್ನು ಮುಂದಿನ ಮನವಿ ಫೋನಿಗೆ ಬಂದಾಗ ಸಹಿ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ನಿಯಮ ಬಂದರೆ ನನ್ನ ಮನೆಯಲ್ಲಿ, ನನ್ನ ಮೆಂಟೇನೆನ್ಸ್ ಬಿಲ್ಲಿನಲ್ಲಿ ಏನು ಬದಲಾಗುತ್ತೆ? ಏನೂ ಇಲ್ಲ ಅನ್ನೋದಾದರೆ, ಕೊಳಚೆ ಯಾರದ್ದು ಅನ್ನೋ ಲೆಕ್ಕವನ್ನು ಇನ್ನೊಂದು ಸಲ ಮಾಡಿ ನೋಡಿ.