ಅಭಿಮಾನಿಯ ಕೈಯಲ್ಲಿ ಟೇಪ್ ರೆಕಾರ್ಡರ್

1973ರ ಒಂದು ರಾತ್ರಿ. ಅಮೆರಿಕದ ಯಾವುದೋ ಹೋಟೆಲಿನಲ್ಲಿ 16 ವರ್ಷದ ಹುಡುಗನೊಬ್ಬ, ಪ್ರವಾಸದುದ್ದಕ್ಕೂ ಧ್ವನಿಮುದ್ರಿಸಿಕೊಂಡಿದ್ದ ಟೇಪುಗಳನ್ನು ತನ್ನ ಮೆಚ್ಚಿನ ಗಾಯಕನ ಕೈಗೊಪ್ಪಿಸಿ ಬರಿಗೈಯಲ್ಲಿ ಹೊರಬರುತ್ತಾನೆ. ಹುಡುಗನ ಹೆಸರು ಕ್ಯಾಮರಾನ್ ಕ್ರೋ. ಗಾಯಕ, ಆಲ್‌ಮನ್ ಬ್ರದರ್ಸ್ ತಂಡದ ಗ್ರೆಗ್ ಆಲ್‌ಮನ್. ರೋಲಿಂಗ್ ಸ್ಟೋನ್ ಪತ್ರಿಕೆಗಾಗಿ ಕ್ರೋ ಆ ತಂಡದ ಜೊತೆ ಊರೂರು ಸುತ್ತುತ್ತಿದ್ದ. ಮನಸ್ಸು ಬಿಚ್ಚಿ ಮಾತಾಡಿದ್ದ ಗ್ರೆಗ್‌ಗೆ ಇದ್ದಕ್ಕಿದ್ದಂತೆ ಅನುಮಾನ ಹುಟ್ಟಿತು. ಇವನು ಯಾರು? ಪೊಲೀಸರ ಕಡೆಯವನಿರಬಹುದೇ? ಗುರುತಿನ ಚೀಟಿ ಕೇಳಿದ, ಆಮೇಲೆ ಟೇಪುಗಳನ್ನೇ ಕೇಳಿದ. ಹುಡುಗ ಕೊಟ್ಟುಬಿಟ್ಟ.

ಗ್ರೆಗ್‌ನ ಭಯಕ್ಕೆ ಹಿನ್ನೆಲೆಯಿತ್ತು. ತಂಡ ಕಟ್ಟಿದ ಅಣ್ಣ ಡುವೇನ್ 1971ರ ಅಕ್ಟೋಬರ್‌ನಲ್ಲಿ ಜಾರ್ಜಿಯಾದ ಮೇಕನ್ ಪಟ್ಟಣದಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ತೀರಿಕೊಂಡಿದ್ದ. ಒಂದು ವರ್ಷ ಕಳೆಯುತ್ತಲೇ ಬೇಸ್ ಗಿಟಾರ್ ನುಡಿಸುತ್ತಿದ್ದ ಬೆರಿ ಓಕ್ಲಿಯೂ ಅದೇ ಪಟ್ಟಣದಲ್ಲಿ, ಅಂಥದೇ ಅಪಘಾತದಲ್ಲಿ ಹೋದ. ಇಬ್ಬರಿಗೂ ಆಗ 24. ಇಂಥ ದುಃಖವನ್ನು ಹೊತ್ತವನು ಯಾರ ಮುಂದೆ ಬಾಯಿ ಬಿಡುತ್ತಾನೆ? ತನ್ನ ಹಾಡನ್ನು ಎದೆಗೆ ಹಚ್ಚಿಕೊಂಡವನ ಮುಂದೆ. ಬಾಗಿಲು ತೆರೆದದ್ದು ಅಭಿಮಾನಿಯ ಮುಖಕ್ಕೆ. ಒಳಗೆ ಬಂದವನು ಮಾತ್ರ ಪತ್ರಕರ್ತ. ಆ ರಾತ್ರಿ ಗ್ರೆಗ್‌ಗೆ ಅರಿವಾದದ್ದು ಇದೇ ಇರಬೇಕು ಎಂದು ನನಗನ್ನಿಸುತ್ತದೆ.

ಇಲ್ಲಿ ತಪ್ಪು ಯಾರದು? ಪತ್ರಕರ್ತೆ ಜಾನೆಟ್ ಮಾಲ್ಕಮ್ 1990ರಲ್ಲಿ ಪುಸ್ತಕವಾಗಿ ಬಂದ ‘ದಿ ಜರ್ನಲಿಸ್ಟ್ ಅಂಡ್ ದಿ ಮರ್ಡರರ್’ನಲ್ಲಿ ಬಹಳ ನಿಷ್ಠುರವಾದ ವಾದವೊಂದನ್ನು ಮುಂದಿಟ್ಟಳು. ಇನ್ನೊಬ್ಬರ ವಿಶ್ವಾಸ ಗಳಿಸಿ ಆಮೇಲೆ ಅವರ ಬಗ್ಗೆ ಬರೆಯುವ ಈ ಕೆಲಸದಲ್ಲೇ ದ್ರೋಹದ ಅಂಶವಿದೆ ಎಂಬುದು ಅದರ ತಿರುಳು. ಕ್ರೋಗೆ ದಾರಿ ತೋರಿದ ವಿಮರ್ಶಕ ಲೆಸ್ಟರ್ ಬ್ಯಾಂಗ್ಸ್‌ನ ಬುದ್ಧಿವಾದವೂ ಇದಕ್ಕೆ ಹತ್ತಿರದ್ದೇ: ಹಾಡುಗಾರರ ಸ್ನೇಹ ಮಾಡಬೇಡ, ಮಾಡಿದರೆ ನಿಜ ಬರೆಯಲಾರೆ. ಇಬ್ಬರ ಮಾತಿನಲ್ಲೂ ಪ್ರೀತಿ ಮತ್ತು ನಿಜ ಒಂದೇ ಕೋಣೆಯಲ್ಲಿ ಕೂರಲಾರವು ಎಂಬ ನಂಬಿಕೆಯಿದೆ. ನನಗೆ ಅದನ್ನು ಪೂರ್ತಿ ಒಪ್ಪಲಾಗುವುದಿಲ್ಲ.

ಯಾಕೆಂದು ಹೇಳಲು ಕ್ರೋನ ಇನ್ನೊಂದು ಪ್ರಸಂಗವನ್ನು ನೋಡಬೇಕು. ಲೆಡ್ ಝೆಪೆಲಿನ್ ತಂಡದ ಮೊದಲ ಆಲ್ಬಂ 1969ರಲ್ಲಿ ಬಂದಾಗ ಅವನಿಗೆ 11 ವರ್ಷ. ಕಾಲೇಜು ಉಪನ್ಯಾಸಕಿಯಾಗಿದ್ದ ತಾಯಿಗೆ ಮನೆಯಲ್ಲಿ ರಾಕ್ ಸಂಗೀತ ಕೇಳಿಸುವುದೇ ಬೇಡವಾಗಿತ್ತು. ಬೇಡವೆಂದದ್ದಕ್ಕೇ ಅದು ಇನ್ನಷ್ಟು ಸಿಹಿಯಾಗಿತ್ತೇನೋ. ರೋಲಿಂಗ್ ಸ್ಟೋನ್ ಆ ಆಲ್ಬಮನ್ನು ಕಟುವಾಗಿ ಟೀಕಿಸಿತ್ತು. ಆ ಗಾಯ ಮರೆಯದ ಗಿಟಾರ್ ವಾದಕ ಜಿಮ್ಮಿ ಪೇಜ್ ಪತ್ರಿಕೆಯೊಂದಿಗೆ ಮಾತಾಡಲು ಸಿದ್ಧನಿರಲಿಲ್ಲ. ಅವನನ್ನು ಕೊನೆಗೂ ಒಪ್ಪಿಸಿದವನು ಕ್ರೋ. 1975ರ ಮಾರ್ಚ್‌ನಲ್ಲಿ ಅದು ಮುಖಪುಟ ಲೇಖನವಾಯಿತು. 17ರ ಹುಡುಗನಿಗೆ ಇದಕ್ಕಿಂತ ದೊಡ್ಡ ಗೆಲುವು ಯಾವುದು?

ಆದರೆ ಸಂಪಾದಕ ಯಾನ್ ವೆನರ್ ಅವನನ್ನು ಕರೆಸಿ, ನೀನು ತಂಡಕ್ಕೆ ಬೇಕಾದದ್ದನ್ನು ಬರೆದೆ, ನಿನಗೆ ಕಂಡದ್ದನ್ನು ಬರೆಯಲಿಲ್ಲ ಎಂಬರ್ಥದ ಮಾತು ಹೇಳಿದರಂತೆ. ಜೋನ್ ಡಿಡಿಯನ್‌ಳ ಪ್ರಬಂಧಗಳ ಪುಸ್ತಕವೊಂದನ್ನು ಕೈಗಿಟ್ಟು ಓದಲು ಹೇಳಿದರಂತೆ. ಇದನ್ನು ಕ್ರೋ ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಆ ಲೇಖನದಲ್ಲಿ ಕೊರತೆಯಾದದ್ದೇನು? ಪ್ರೀತಿ ಹೆಚ್ಚಾಗಿತ್ತು ಎನ್ನುವುದು ಸುಲಭದ ಉತ್ತರ. ಕನ್ನಡದ ‘ಅಭಿಮಾನ’ ಎಂಬ ಪದವನ್ನು ಒಮ್ಮೆ ನೋಡಿ. ಅದಕ್ಕೆ ಇನ್ನೊಬ್ಬರ ಮೇಲಿನ ಮೆಚ್ಚುಗೆ ಎಂಬ ಅರ್ಥವೂ ಇದೆ, ತನ್ನ ಬಗೆಗಿನ ಹೆಮ್ಮೆ ಎಂಬ ಅರ್ಥವೂ ಇದೆ. ನಾವು ಅಭಿಮಾನಿಗಳಾಗಿ ಯಾರದೋ ಎದುರು ನಿಂತಾಗ ಇವೆರಡೂ ಒಟ್ಟಿಗೇ ನಮ್ಮೊಳಗೆ ಎದ್ದು ನಿಲ್ಲುತ್ತವೆ. ಒಂದು, ‘ನಿಮ್ಮ ಹಾಡು ನನಗೆ ಇಷ್ಟ’ ಎನ್ನುತ್ತದೆ. ಇನ್ನೊಂದು ಮೆಲ್ಲಗೆ, ‘ನಾನೂ ನಿಮಗೆ ಇಷ್ಟವಾಗಬೇಕು’ ಎನ್ನುತ್ತದೆ. ಪೆನ್ನು ತಡವರಿಸುವುದು ಈ ಎರಡನೆಯ ದನಿಗೆ. ಕೇಳಬೇಕಾದ ಪ್ರಶ್ನೆ ಗಂಟಲಲ್ಲೇ ಉಳಿಯುತ್ತದೆ, ಯಾಕೆಂದರೆ ಕೇಳಿದರೆ ಎದುರಿನ ಮುಖದ ನಗು ಮಾಸಬಹುದು.

ಮೊದಲನೆಯ ದನಿ ಬೇರೆಯೇ. ಒಂದು ಹಾಡನ್ನು ನೂರು ಸಲ ಕೇಳಿದವನಿಗೆ ಅದರ ಬಿರುಕುಗಳೂ ಗೊತ್ತಿರುತ್ತವೆ. ಯಾವ ಆಲ್ಬಂನಲ್ಲಿ ತಂಡ ದಣಿದಿತ್ತು, ಯಾವ ಸಾಲಿನಲ್ಲಿ ಧ್ವನಿ ಸುಳ್ಳಾಡಿತು ಎಂಬುದು ಅವನಿಗೆ ತಿಳಿದಷ್ಟು ತಟಸ್ಥ ವರದಿಗಾರನಿಗೆ ತಿಳಿಯದು. ಪ್ರೀತಿ ಕುರುಡು ಎನ್ನುತ್ತೇವೆ. ಆದರೆ ಸೊಸೆ ಬಂದ ಮೊದಲ ದಿನ ಮಗನ ಮುಖದ ಸಣ್ಣ ಬದಲಾವಣೆ ಮೊದಲು ಕಾಣುವುದು ತಾಯಿಗೇ ಅಲ್ಲವೇ?

ಬಾಲ್ಯವನ್ನು ತುಂಬಿಕೊಟ್ಟವರಿಗೆ ನಾವು ಋಣಿಗಳು. ಆ ಋಣ ಹೊಗಳಿಕೆಯಿಂದ ತೀರುವುದಿಲ್ಲ. ಅವರ ಹಾಡು ನಮ್ಮನ್ನು ಮುಟ್ಟಿದ್ದು ನಮ್ಮನ್ನು ಓಲೈಸಿದ್ದರಿಂದಲ್ಲವಲ್ಲ. ತಮ್ಮ ನೋವನ್ನು ಇದ್ದಂತೆ ಹಾಡಿದ್ದರಿಂದ ಮುಟ್ಟಿತು. ಅದಕ್ಕೆ ಮುಖಸ್ತುತಿಯ ಉತ್ತರ ಕೊಟ್ಟರೆ ನಾವು ಹಾಡನ್ನೇ ಕೇಳಿಸಿಕೊಂಡಿಲ್ಲ ಎಂದಾಗುತ್ತದೆ.

2000ದಲ್ಲಿ ಕ್ರೋ ಈ ಅನುಭವಗಳನ್ನೇ ಆಧರಿಸಿ ‘ಆಲ್‌ಮೋಸ್ಟ್ ಫೇಮಸ್’ ಎಂಬ ಸಿನಿಮಾ ಮಾಡಿದರು. ಅದರ ಚಿತ್ರಕಥೆಗೆ ಆಸ್ಕರ್ ಬಂತು. ಅದರಲ್ಲಿ ಹುಡುಗ ಬರೆದದ್ದೆಲ್ಲ ಸುಳ್ಳು ಎಂದು ತಂಡ ಪತ್ರಿಕೆಗೆ ಹೇಳಿಬಿಡುತ್ತದೆ. ಕೊನೆಗೆ ಗಿಟಾರ್ ವಾದಕ ತಾನೇ ಫೋನ್ ಮಾಡಿ, ಅವನು ಬರೆದದ್ದು ನಿಜ ಎನ್ನುತ್ತಾನೆ. ತನ್ನನ್ನು ಚಿಕ್ಕವನನ್ನಾಗಿ ತೋರಿಸುವ ನಿಜವನ್ನು ಒಪ್ಪಿಕೊಂಡ ಆ ಕ್ಷಣದಲ್ಲಿ ಅವನು ಮತ್ತೆ ಹುಡುಗನ ಮೆಚ್ಚುಗೆಗೆ ಯೋಗ್ಯನಾಗುತ್ತಾನೆ.

ಆ ಹೋಟೆಲಿನ ರಾತ್ರಿಗೆ ಮರಳೋಣ. ಟೇಪುಗಳನ್ನು ಕೊಟ್ಟದ್ದು ಹೆದರಿಕೆಯಿಂದಲೋ, ಗೌರವದಿಂದಲೋ? ಬಹುಶಃ ಆ ವಯಸ್ಸಿನಲ್ಲಿ ಎರಡೂ ಬೇರೆಯಾಗಿರುವುದಿಲ್ಲ. ಕೆಲವು ದಿನಗಳ ನಂತರ ಟೇಪುಗಳು ಅವನಿಗೆ ಮರಳಿ ಬಂದವು. 1973ರ ಡಿಸೆಂಬರ್‌ನಲ್ಲಿ ಲೇಖನ ಮುಖಪುಟದಲ್ಲಿ ಪ್ರಕಟವಾಯಿತು. ಮೊದಲ ಸಲ ಆ ಮಾತುಗಳು ಒಬ್ಬ ಅಭಿಮಾನಿಗೆ ಸಿಕ್ಕಿದ್ದವು. ಎರಡನೆಯ ಸಲ, ಅವನು ಬರೆಯುತ್ತಾನೆಂದು ಚೆನ್ನಾಗಿ ಗೊತ್ತಿದ್ದೇ ಕಳಿಸಲಾಗಿತ್ತು.