ಹೆಸರುಳಿಯದ ಹಿರಿಯರು

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಎಂ. ಎಸ್. ಕೃಷ್ಣಮೂರ್ತಿಯವರು 2001ರಲ್ಲಿಯೂ 2004ರಲ್ಲಿಯೂ ಭೂಶೋಧನೆಯನ್ನು ನಡೆಸಿ, ಬೌದ್ಧರ ಚೈತ್ಯವಿಹಾರಗಳ ಅವಶೇಷಗಳನ್ನು ಬೆಳಕಿಗೆ ತಂದರಷ್ಟೆ. ಅಲ್ಲಿ ದೊರೆತ ವಸ್ತುಗಳಲ್ಲಿ ಹರಕೆಯಾಗಿ ಒಪ್ಪಿಸಿದ ಮಣ್ಣಿನ ಕಿರುಸ್ತೂಪಗಳು ಅನೇಕವಾಗಿವೆ. ಹರಕೆಯು ಉಳಿದಿದೆ, ಒಪ್ಪಿಸಿದ ಕೈಗಳು ಮಣ್ಣಿನೊಡನೆ ಮಣ್ಣಾದುವು. ಅರಸರಿಗೆ ಶಾಸನವುಂಟು, ಕಾಳಗದಲ್ಲಿ ಮಡಿದವನಿಗೆ ವೀರಗಲ್ಲುಂಟು. ಬದುಕಿರುವಷ್ಟು ಕಾಲವೂ ದುಡಿದು ಮನೆಯವರನ್ನು ಸಾಕಿ ಕಣ್ಮುಚ್ಚಿದವನಿಗೆ ಏನುಂಟು? ಅಂಥವನನ್ನು ನೆನೆಯುವುದು ಬರಿಯ ಮಮತೆಯೋ, ಅಥವಾ ಮೊಮ್ಮಕ್ಕಳು ಸಲ್ಲಿಸಲೇಬೇಕಾದ ಧರ್ಮವೋ ಎಂಬುದು ವಿಚಾರಿಸತಕ್ಕ ವಿಷಯ.

ಈ ಸೀಮೆಯ ತಾತಂದಿರ ದುಡಿಮೆ ಎಂತಹುದೆಂಬುದನ್ನು ಇಂದಿನ ಹುಡುಗರಿಗೆ ಹೇಳಿ ತಿಳಿಸಬೇಕಾಗಿದೆ. ಕೋಳಿ ಕೂಗುವ ಮುನ್ನ ಎತ್ತುಗಳನ್ನು ಕಪಿಲೆಗೆ ಕಟ್ಟಿದರೆ, ಹೊತ್ತೇರುವವರೆಗೂ ಅವುಗಳ ಹಿಂದೆಯೇ ಇಳಿಜಾರಿನಲ್ಲಿ ಇಳಿಯುವುದು, ಮತ್ತೆ ಹತ್ತುವುದು. ರಾಗಿಯ ಪೈರನ್ನು ಕೊಯ್ದು, ಮೆದೆ ಹಾಕಿ, ಕಣ ಸಾರಿಸಿ, ಗುಂಡು ಹೊಡೆದು, ಗಾಳಿಗೆ ತೂರಿ, ಬಂದ ಕಾಳಿನಲ್ಲಿ ಒಂದು ಭಾಗವನ್ನು ಹಗೇವಿಗೆ ತುಂಬುವುದು. ನೆಲದೊಳಗಿನ ಆ ಕಣಜದಲ್ಲಿ ರಾಗಿಯು ಹುಳು ಹಿಡಿಯದೆ ಹಲವು ವರ್ಷ ನಿಲ್ಲುತ್ತದೆ. 1876–78ರ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನವು ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಅದರಲ್ಲಿ ಉಳಿದವರ ಮಕ್ಕಳಿಗೆ ಹಗೇವು ಎಂದರೆ ಬರಿಯ ಉಗ್ರಾಣವಾಗಿರಲಿಲ್ಲ. ತಾನು ಇಂದು ಉಣ್ಣಬಹುದಾದುದನ್ನು, ಇನ್ನೂ ತೊಟ್ಟಿಲಿಗೆ ಬಾರದ ಕೂಸಿಗಾಗಿ ಮುಚ್ಚಿಡುವ ಕೆಲಸ ಅದು.

ಇದಕ್ಕೆ ಒಂದು ಆಕ್ಷೇಪವನ್ನು ಹೇಳುವವರುಂಟು. ತನ್ನ ಮನೆಯವರಿಗಾಗಿ ದುಡಿಯುವುದು ದೊಡ್ಡದಾದ ಸ್ವಾರ್ಥವಲ್ಲವೆ, ಹಕ್ಕಿಯೂ ತನ್ನ ಮರಿಗೆ ಗುಟುಕು ಕೊಡುವುದಲ್ಲವೆ ಎಂದು ಅವರ ವಾದ. ಇದು ಪೂರ್ತಿ ಸುಳ್ಳಲ್ಲ. ಮಕ್ಕಳ ಮೇಲಿನ ಅದೇ ಮೋಹದಿಂದ ನೆರೆಯವನ ಬದುವನ್ನು ಒಂದು ಗೇಣು ಒತ್ತಿದ ಹಿರಿಯರೂ, ಆಳಿನ ಕೂಲಿಯಲ್ಲಿ ಸೇರು ಕಡಿಮೆ ಅಳೆದವರೂ ಇದ್ದರು. ಆದರೆ ಹಕ್ಕಿಯು ರೆಕ್ಕೆ ಬಲಿತ ಮರಿಯನ್ನು ಮರೆಯುತ್ತದೆ. ಮನುಷ್ಯನು ತಾನು ಕಾಣಲಾರದ ಮೊಮ್ಮಗನಿಗೆಂದು ಹುಣಿಸೆಯ ಸಸಿಯನ್ನು ನೆಡುತ್ತಾನೆ. ಆ ನೆರಳಿನಲ್ಲಿ ಯಾರು ಕೂರುವರೆಂದು ಅವನು ಬಲ್ಲನೆ? ಸ್ವಾರ್ಥವೆಂಬ ಮಾತು ಇಲ್ಲಿಗೆ ಬರುವಷ್ಟರಲ್ಲಿ ಬಹಳ ಸವೆದುಹೋಗುತ್ತದೆ.

ಮತ್ತೊಂದು ಸಂಗತಿ. ತಾತನ ದುಡಿಮೆಯೆಂದು ಹೇಳುವುದರಲ್ಲಿ ಅರ್ಧಪಾಲು ಅಜ್ಜಿಯದು. ಅವನು ಕಪಿಲೆ ಕಟ್ಟುವ ಹೊತ್ತಿಗೆ ಅವಳು ರಾಗಿಕಲ್ಲಿನ ಮುಂದೆ ಕುಳಿತು ಬಹಳ ಹೊತ್ತಾಗಿರುತ್ತಿತ್ತು. ಪಹಣಿಯಲ್ಲಿ ಅವಳ ಹೆಸರು ಇರಲಿಲ್ಲವಾದುದರಿಂದ ಕಥೆಯಲ್ಲಿಯೂ ಉಳಿಯಲಿಲ್ಲ.

ಶ್ರಾದ್ಧದ ವಿಧಿಯಲ್ಲಿ ತಂದೆ, ತಾತ, ಮುತ್ತಾತ ಎಂಬ ಮೂರು ತಲೆಗಳನ್ನು ವಸು ರುದ್ರ ಆದಿತ್ಯ ಸ್ವರೂಪರೆಂದು ಹೆಸರು ಹಿಡಿದು ಕರೆಯುತ್ತಾರೆ. ಅದರಾಚೆಯವರಿಗೆ ಪ್ರತ್ಯೇಕವಾದ ಪಿಂಡವಿಲ್ಲ. ಶ್ರಾದ್ಧವಿಲ್ಲದ ಒಕ್ಕಲು ಮನೆಗಳಲ್ಲಿ ಪಿತೃಪಕ್ಷದ ಎಡೆಯುಂಟು. ಮೊಮ್ಮಗನಿಗೆ ತಾತನ ಹೆಸರಿಡುವ ಪದ್ಧತಿಯೂ ಉಂಟು. ಮಾವನ ಹೆಸರನ್ನು ಸೊಸೆಯು ನಾಲಿಗೆಗೆ ತರಬಾರದಾದುದರಿಂದ ಆ ಹುಡುಗನು ಮನೆಯಲ್ಲಿ ಪುಟ್ಟನೋ ಅಪ್ಪಯ್ಯನೋ ಆಗಿ ಬೆಳೆಯುವುದು ಬೇರೆ ಮಾತು! ಎಂತಹ ಪ್ರೀತಿಯ ಹೆಸರೂ ನಾಲ್ಕನೆಯ ತಲೆಗೆ ಮಸುಕಾಗುವುದೆಂಬುದನ್ನು ಈ ವಿಧಿಗಳನ್ನು ಮಾಡಿದವರು ಬಲ್ಲವರಾಗಿದ್ದರು.

ಹಾಗಾದರೆ ತೀರಿಸಬೇಕಾದ ಋಣವು ಹೆಸರನ್ನು ಉಳಿಸುವುದರಲ್ಲಿಲ್ಲ. ತೈತ್ತಿರೀಯ ಸಂಹಿತೆಯು ಬ್ರಾಹ್ಮಣನು ಹುಟ್ಟುತ್ತಲೇ ಮೂರು ಋಣಗಳನ್ನು ಹೊತ್ತಿರುವನೆಂದು ಹೇಳಿ, ಪಿತೃಋಣವು ಸಂತಾನದಿಂದ ತೀರುವುದೆಂದಿದೆ. ಹಿಂದಿನವರಿಂದ ಪಡೆದ ಸಾಲವನ್ನು ಮುಂದಿನವರಿಗೆ ತೀರಿಸಬೇಕು. ಇದು ಲೋಕದ ಸಾಹುಕಾರರು ಒಪ್ಪದ ಲೆಕ್ಕ. ತಾತನ ಪಟವನ್ನು ನಡುಮನೆಯಲ್ಲಿ ತೂಗುಹಾಕಿ ಹೂವೇರಿಸುವುದು ಸುಲಭ. ಅವನು ತುಂಬಿದ ಹಗೇವಿನ ಪ್ರತಿಯಾಗಿ ತಾವು ಯಾರಿಗಾಗಿ ಏನನ್ನು ತುಂಬುತ್ತಿರುವೆವೆಂದು ಕೇಳಿಕೊಳ್ಳುವುದು ಕಷ್ಟ.

ಈ ಪ್ರಶ್ನೆಯು ಇಂದು ಈ ಸೀಮೆಯ ಮನೆಮನೆಯ ಬಾಗಿಲಿಗೂ ಬಂದಿದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆದ ಮೇಲೆ ಸುತ್ತಣ ಹೊಲಗಳಿಗೆ ಹಿಂದೆಂದೂ ಕೇಳದ ಬೆಲೆ ಬಂದಿತು. ತಾತನು ಬೆವರಿಳಿಸಿದ ಹೊಲವನ್ನು ಮಾರುವುದು ದ್ರೋಹವೆಂದು ಕೆಲವರು ಹೇಳುವರು. ಆ ತೀರ್ಪು ಅವಸರದ್ದು. ತನ್ನ ಮಕ್ಕಳು ಓದಿ ನೇಗಿಲಿನಿಂದ ಬಿಡುಗಡೆ ಹೊಂದಲೆಂದೇ ನೇಗಿಲು ಹಿಡಿದವನ ಇಷ್ಟವು, ಅವರು ಪಟ್ಟಣ ಸೇರಿದುದರಿಂದ ಕೆಟ್ಟಿತೆಂದು ಹೇಳಲಾಗದು. ಪರೀಕ್ಷೆಯು ಮಾರುವುದರಲ್ಲಿಲ್ಲ, ಹಂಚುವುದರಲ್ಲಿದೆ. 1956ರ ಹಿಂದೂ ಉತ್ತರಾಧಿಕಾರ ಶಾಸನಕ್ಕೆ 1994ರಲ್ಲಿ ಕರ್ನಾಟಕವೂ 2005ರಲ್ಲಿ ಕೇಂದ್ರ ಸರ್ಕಾರವೂ ತಿದ್ದುಪಡಿ ತಂದು, ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಭಾಗವನ್ನು ಕೊಟ್ಟಿವೆ. ಆದರೂ ಕ್ರಯದ ಮಾತು ಬಂದೊಡನೆ, ತಾತನ ಗುಣಗಾನವನ್ನು ಮಾಡುತ್ತಲೇ, ಅಕ್ಕತಂಗಿಯರನ್ನು ಕರೆಸಿ ಸೀರೆ ಕುಪ್ಪಸವನ್ನಿತ್ತು ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಅಣ್ಣತಮ್ಮಂದಿರು ಇದ್ದಾರೆ. ಆ ಹೆಣ್ಣುಮಕ್ಕಳೂ ಅದೇ ತಾತನ ಹೆಗಲ ಮೇಲೆ ಕುಳಿತು ಜಾತ್ರೆ ನೋಡಿದವರು. ಅವರ ಪಾಲಿನ ರಾಗಿಯನ್ನು ಅವನು ಬೇರೆಯಾಗಿ ಅಳೆದಿರಲಿಲ್ಲ.