ಹೆಜ್ಜೆ ಸಪ್ಪಳ ಗುರುತಿಸುವ ಮಕ್ಕಳು

ಅಪ್ಪ ಕುಡಿದು ಬಂದಿದ್ದಾನೋ ಇಲ್ಲವೋ ಎಂಬುದು ಅವ್ವನಿಗಿಂತ ಮೊದಲು ಮಗುವಿಗೆ ತಿಳಿಯುತ್ತದೆ. ಅಂಗಳದ ಪರ್ಸಿಯ ಮೇಲೆ ಚಪ್ಪಲಿ ಎಳೆಯುವ ಸಪ್ಪಳ ಕೇಳಿದರೆ ಸಾಕು. ಪಾಟಿಚೀಲ ಎತ್ತಿಕೊಂಡು ಪಕ್ಕದ ಮನೆಗೆ ಹೋಗಬೇಕೋ, ಕೌದಿ ಹೊದ್ದು ನಿದ್ದೆ ಬಂದವರ ಹಾಗೆ ಬಿದ್ದುಕೊಳ್ಳಬೇಕೋ ಎಂದು ಅಷ್ಟರಲ್ಲಿ ಅದು ತೀರ್ಮಾನಿಸಿರುತ್ತದೆ. ಮರುದಿನ ಸಾಲಿಯಲ್ಲಿ ಮಾಸ್ತರರು ಇದೇ ಮಗುವಿಗೆ ‘ಲಕ್ಷ್ಯ ಇಲ್ಲ’ ಎಂದು ಬೈಯುತ್ತಾರೆ. ಲಕ್ಷ್ಯ ಇದೆ, ಬಾಗಿಲ ಕಡೆಗಿದೆ.

*

ಹೊರಗಿನವರು ಹೊಡೆದರೆ ಮಗು ಮನೆಗೆ ಓಡಿ ಬರುತ್ತದೆ. ಮನೆಯಲ್ಲೇ ಹೊಡೆತ ಬಿದ್ದರೆ ಎಲ್ಲಿಗೆ ಓಡಬೇಕು?

*

2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಪಾಕೀಟು ಹೋಗಿ ಟೆಟ್ರಾ ಪ್ಯಾಕ್ ಬಂತು; ಚಿಂಚೋಳಿ ಸೀಮೆಯವರಿಗೆ ಗಡಿ ದಾಟಿದರೆ ತೆಲಂಗಾಣದ ಸೇಂದಿಯೂ ಉಂಟು. ಕುಡಿತದ ಬಗ್ಗೆ ಸರ್ಕಾರಗಳ ಲೆಕ್ಕ ಲೀಟರು, ರೂಪಾಯಿಗಳಲ್ಲಿ ಮುಗಿಯುತ್ತದೆ. ಅಂಜಿಕೆಗೆ ಕಾಲಂ ಇಲ್ಲ.

*

ಯುದ್ಧಕಾಲದ ಲಂಡನ್ನಿನಲ್ಲಿ ಮಕ್ಕಳ ನಿಲಯಗಳನ್ನು ನಡೆಸಿದ ಅನ್ನಾ ಫ್ರಾಯ್ಡ್ ಮತ್ತು ಡೊರೊತಿ ಬರ್ಲಿಂಗ್‌ಹ್ಯಾಮ್ ಒಂದು ಸಂಗತಿ ಬರೆದಿಟ್ಟರು: ಬಾಂಬು ಬೀಳುವಾಗಲೂ ಧೈರ್ಯವಾಗಿದ್ದ ತಾಯಿಯ ಮಗ್ಗುಲಲ್ಲಿದ್ದ ಮಕ್ಕಳು ಅಷ್ಟಾಗಿ ಕುಗ್ಗಲಿಲ್ಲ, ತಾಯಿಯಿಂದ ಅಗಲಿದ್ದೇ ಅವರನ್ನು ಹೆಚ್ಚು ಕಾಡಿತು. ವಾಡಿ ಜಂಕ್ಷನ್ನಿನಲ್ಲಿ ಗಂಟುಮೂಟೆ ಸಮೇತ ಮುಂಬೈ ಗಾಡಿ ಕಾಯುವವರನ್ನು ನೋಡಿದಾಗ ನನಗೆ ಈ ಮಾತು ನೆನಪಾಗುತ್ತದೆ. ದುಡಿಯಲು ಹೋಗಬೇಡಿ ಎನ್ನಲು ನಾನು ಯಾರು? ಹೊಲ ಮಳೆಯನ್ನೇ ನಂಬಿದ್ದು, ಬೆಳೆ ತೊಗರಿಯೊಂದೇ, ರಾಶಿ ಮುಗಿದ ಮೇಲೆ ಊರಲ್ಲಿ ಕೂಲಿ ಇಲ್ಲ. ಆದರೆ ಮಗು ಮಲಗಿದ್ದಾಗ ಕದ್ದು ಹೋಗಬೇಡಿ. ‘ಅಂಗಡಿಗಿ ಹೋಗಿ ಬರ್ತೀನಿ’ ಎಂದು ಹೇಳಿ ಅವ್ವ ಪುಣೆಗೆ ಹೋದರೆ, ಅಂದಿನಿಂದ ಆಯಿ (ಅಜ್ಜಿ) ನಿಜವಾಗಿಯೂ ಅಂಗಡಿಗೆ ಹೊರಟಾಗಲೆಲ್ಲ ಮಗು ಅವಳ ಸೆರಗು ಬಿಡುವುದಿಲ್ಲ. ‘ಹಟಮಾರಿ ಕೂಸು’ ಎಂಬ ಹೆಸರು ಬರುವುದು ಹೀಗೆ.

*

ಅತ್ತು ಬೀಳ್ಕೊಟ್ಟ ಮಗು ಬೇಗ ಸುಧಾರಿಸಿಕೊಳ್ಳುತ್ತದೆ. ಅಳಲಿಕ್ಕೂ ಬಿಡದೆ ಹೋದರೆ ಅದು ತಿಂಗಳುಗಟ್ಟಲೆ ಕಾಯುತ್ತದೆ.

*

‘ಎಳ್ಳಮಾಸಿಗಿ ಬರ್ತೀವಿ’ ಅಂದರೆ ಬನ್ನಿ. ಬರಲಾಗದಿದ್ದರೆ ಆ ದಿನ ಫೋನ್ ಮಾಡಿ, ಆಯಿಗೆ ಹೇಳಿ ಮುಗಿಸದೆ ಮಗುವಿನ ಕೈಗೇ ಫೋನ್ ಕೊಡಿಸಿ. ಚರಗ ಚೆಲ್ಲಲು ಊರೆಲ್ಲ ಹೊಲಕ್ಕೆ ಹೋಗುವ ದಿನ ಮನೆಯ ಕಟ್ಟೆಯ ಮೇಲೆ ಕೂತ ಮಗುವಿಗೆ ‘ಯಾಕ ಬರ್ಲಿಲ್ಲ’ ಎಂಬುದಕ್ಕೆ ಯಾರಾದರೂ ಉತ್ತರ ಕೊಡದಿದ್ದರೆ ಅದು ತಾನೇ ಒಂದು ಉತ್ತರ ಕಟ್ಟಿಕೊಳ್ಳುತ್ತದೆ. ಆ ಉತ್ತರದಲ್ಲಿ ತಪ್ಪು ಯಾವಾಗಲೂ ತನ್ನದೇ.

*

ಗದ್ದಲ ಮಾಡುವ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ. ನನಗೆ ಚಿಂತೆ ಗದ್ದಲವೇ ಮಾಡದ ಹುಡುಗಿಯದು. ತೊಗರಿಗೆ ಬರುವ ನೆಟೆ ರೋಗವನ್ನು ಈ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. 2022ರ ಹಂಗಾಮಿನಲ್ಲಿ ಕಂಡದ್ದೇ ಇದೆ. ರೋಗ ಮಣ್ಣಿನಿಂದ ಬೇರಿಗೆ ಹತ್ತುತ್ತದೆ, ಗಿಡ ಬಹಳ ದಿನ ಹಸಿರಾಗಿಯೇ ನಿಂತಿರುತ್ತದೆ, ಕಾಯಿ ಕಟ್ಟುವ ಹೊತ್ತಿಗೆ ನಿಂತಲ್ಲೇ ಒಣಗುತ್ತದೆ. ಕಾಂಡ ಸೀಳಿ ನೋಡಿದವನಿಗೆ ಮಾತ್ರ ಒಳಗಿನ ಕಪ್ಪು ಗೆರೆ ಕಾಣುತ್ತದೆ. ಎಲ್ಲರಿಗಿಂತ ಮೊದಲೆದ್ದು ಕಸ ಗುಡಿಸಿ, ತಮ್ಮನಿಗೆ ಉಣಿಸಿ, ಪರೀಕ್ಷೆಯಲ್ಲಿ ನಂಬರ್ ತಂದು, ಒಮ್ಮೆಯೂ ಏನನ್ನೂ ಬೇಡದ ಹನ್ನೆರಡರ ಹುಡುಗಿಯನ್ನು ‘ಭಾಳ ಶ್ಯಾಣ್ಯಾ ಇದ್ದಾಳ’ ಎಂದು ಹೊಗಳುವ ಮೊದಲು ಒಂದು ಸಲ ಪಕ್ಕ ಕೂತು ಮಾತಾಡಿಸಿ.

*

ರೈತ ನೇಣು ಹಾಕಿಕೊಂಡ ಮನೆಗೆ ಪೊಲೀಸರು ಬರುತ್ತಾರೆ, ಕಂದಾಯದವರು ಬರುತ್ತಾರೆ, ಕೃಷಿ ಇಲಾಖೆಯವರು ಬರುತ್ತಾರೆ. ಸಾಲ ಬ್ಯಾಂಕಿನದೋ ಖಾಸಗಿಯದೋ? ಪಹಣಿ ಯಾರ ಹೆಸರಲ್ಲಿದೆ? ಕುಡಿಯುತ್ತಿದ್ದನೇ? ಐದು ಲಕ್ಷ ಪರಿಹಾರಕ್ಕೆ ಇದೆಲ್ಲ ಬೇಕು, ಒಪ್ಪಿದೆ. ಅವ್ವ ಉತ್ತರ ಹೇಳುವಾಗ ಬಾಗಿಲ ಸಂದಿಯಲ್ಲಿ ನಿಂತ ಮಗ ಅಪ್ಪನ ಕತೆಯನ್ನು ಮೊದಲ ಸಲ ಪೂರ್ತಿ ಕೇಳಿಸಿಕೊಳ್ಳುತ್ತಿರುತ್ತಾನೆ. ಪಂಚನಾಮೆಯ ಹೊತ್ತಿನಲ್ಲಿ ಅವನನ್ನು ಕಾಕಾನ ಜೊತೆ ಹೊಲದ ಕಡೆ ಕಳಿಸಲು ಯಾವ ಆದೇಶವೂ ಬೇಕಿಲ್ಲ.

*

‘ಅಪ್ಪ ಊರಿಗಿ ಹೋಗ್ಯಾನ’ ಎಂಬ ಸುಳ್ಳು ಸಾಲಿಯ ಗೇಟಿನವರೆಗೆ ಮಾತ್ರ ನಡೆಯುತ್ತದೆ. ಮುಂದಿನದನ್ನು ಜೊತೆಗಾರರು ಹೇಳುತ್ತಾರೆ, ಅವರಿಗೆ ತೋಚಿದ ಮಾತಿನಲ್ಲಿ. ಮನೆಯವರೇ ಹೇಳಬೇಕಾದದ್ದು ಹೆಚ್ಚೇನಿಲ್ಲ: ‘ಅಪ್ಪ ತೀರಿಕೊಂಡಾನ. ಅವನ ಮನಸ್ಸಿಗಿ ಭಾಳ ಜಡ್ಡಾಗಿತ್ತು. ನಿನ್ನಿಂದ ಆಗಿದ್ದಲ್ಲ.’ ಮೂರನೆಯ ಮಾತನ್ನು ವರ್ಷಗಟ್ಟಲೆ ಹೇಳುತ್ತಿರಬೇಕಾಗುತ್ತದೆ. ಹಿಂದಿನ ದಿನ ಪುಸ್ತಕಕ್ಕೆ ದುಡ್ಡು ಕೇಳಿದ್ದನ್ನು ಹುಡುಗ ಮರೆತಿರುವುದಿಲ್ಲ.

*

ಮಣ್ಣು ಕೊಟ್ಟು ಬಂದವರು ಹದಿಮೂರರ ಹುಡುಗನ ಹೆಗಲ ಮೇಲೆ ಕೈಯಿಟ್ಟು ಹೇಳುತ್ತಾರೆ, ‘ಇನ್ನ ನೀನೇ ಮನಿ ಯಜಮಾನ’. ಸಮಾಧಾನದ ಮಾತೆಂದೇ ಅವರ ನಂಬಿಕೆ. ಅಪ್ಪನನ್ನು ಕಳೆದುಕೊಂಡ ದಿನವೇ ಅವನ ಹುಡುಗತನವನ್ನೂ ಕಿತ್ತುಕೊಂಡಂತಾಯಿತು.

*

ಮನೆಯ ಆಘಾತಕ್ಕೆ ಹುಡುಗಿಯ ಮದುವೆಯನ್ನು ಔಷಧ ಎಂದು ಬರೆದುಕೊಡುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಒಂದು ಅಂಜಿಕೆಯ ಮನೆಯಿಂದ ಅಪರಿಚಿತರ ಮನೆಗೆ, ಹದಿನಾರಕ್ಕೆ. ಕಾನೂನಿನ ಮಾತು ಹಾಗಿರಲಿ, ಲೆಕ್ಕವೇ ತಪ್ಪು.

*

ಅಮೆರಿಕದ ಎಮ್ಮಿ ವರ್ನರ್ ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನು ಅವರು ಮಧ್ಯವಯಸ್ಕರಾಗುವವರೆಗೂ ಗಮನಿಸಿದಳು. ಬಡತನ, ಜಗಳ, ಕುಡಿತಗಳ ನಡುವೆ ಬೆಳೆದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಗಟ್ಟಿಮುಟ್ಟಾಗಿ ನಿಂತರು. ಅಂಥವರ ಬಾಲ್ಯದಲ್ಲಿ ಭರವಸೆ ಇಡಬಹುದಾದ ಒಬ್ಬ ದೊಡ್ಡವರಾದರೂ ಇದ್ದರು. ಹಲವು ಸಲ ಅದು ಅಜ್ಜಿ, ಅಜ್ಜ, ಇಲ್ಲವೇ ಒಬ್ಬ ಶಿಕ್ಷಕಿ. ಚಿಂಚೋಳಿ ಸೀಮೆಯ ಸುಲೇಪೇಟದ ಸುತ್ತಿನ ತಾಂಡಾಗಳಲ್ಲಿ, ಹಳ್ಳಿಗಳಲ್ಲಿ ಈ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿರುವವರು ಆಯಿ, ಮುತ್ಯಾ.

*

ಮೊಮ್ಮಗ ಏಕೆ ಬೆಚ್ಚುತ್ತಾನೆ ಎಂದು ಎಲ್ಲರೂ ಆಯಿಯನ್ನು ಕೇಳುತ್ತಾರೆ. ಮಗನನ್ನು ಕಳೆದುಕೊಂಡ ಅವಳಿಗೆ ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳಿದವರು ಕಡಿಮೆ.

*

ಹದಿಹರೆಯದವರನ್ನು ಎದುರು ಕೂಡಿಸಿ ‘ಏನ್ ಆಗ್ಯದ ಹೇಳು’ ಎಂದರೆ ‘ಏನಿಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ಅವರ ಮಾತು ಪಕ್ಕದಲ್ಲಿದ್ದವರಿಗೆ ಸಿಗುತ್ತದೆ: ರಾಶಿ ಮಾಡುವಾಗ, ಬೈಕಿನ ಹಿಂದಿನ ಸೀಟಿನಿಂದ, ಕರೆಂಟು ಹೋದ ಹೊತ್ತಿನಲ್ಲಿ. ಶುರುವಾದ ಮೇಲೆ ತಿರುಗಿ ಮುಖ ನೋಡಬೇಡಿ. ಬುದ್ಧಿಯಂತೂ ಬೇಡವೇ ಬೇಡ.

*

ಕುಡಿತ ಬಿಟ್ಟ ಅಪ್ಪನ ದೂರು: ‘ಬಿಟ್ಟು ಎರಡ್ ತಿಂಗಳಾತು, ಇನ್ನೂ ನನಗ ಅಂಜ್ತಾನ.’ ಅಂಜಲಿ ಬಿಡಿ. ಮಗುವಿನ ಮೈ ಇನ್ನೂ ಹಳೆಯ ಕ್ಯಾಲೆಂಡರ್ ನೋಡುತ್ತಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ತಾಯಂದಿರಿಗೆ ಕೂಸಿನ ಮುಂದೆ ಸ್ವಲ್ಪ ಹೊತ್ತು ಮುಖ ಗಂಟಿಕ್ಕದೆ, ನಗದೆ, ಸುಮ್ಮನೆ ಕೂತಿರಲು ಹೇಳಿದ್ದ. ಕೂಸು ಕೈ ಚಾಚಿತು, ಕೂಗಿತು, ಕೊನೆಗೆ ಮುಖ ತಿರುಗಿಸಿತು. ತಾಯಿ ಮತ್ತೆ ನಕ್ಕಾಗ ಸಂಬಂಧ ಕೂಡಿಕೊಂಡಿತು, ಆದರೆ ತುಸು ಅನುಮಾನದಿಂದಲೇ. ಕೆಲವೇ ನಿಮಿಷದ ಮೌನಕ್ಕೆ ಇಷ್ಟಾದರೆ ಹತ್ತು ವರ್ಷದ ಕೂಗಾಟಕ್ಕೆ? ಮಗನ ಮುಂದೆ ಕೂತು ‘ನಾ ಮಾಡಿದ್ದು ತಪ್ಪು’ ಎಂದು ಅಪ್ಪ ಹೇಳಲಿ; ‘ನಿಮ್ಮವ್ವ ಬಾಯಿ ಮಾಡ್ತಿದ್ಲು’ ಎಂಬ ಬಾಲವನ್ನು ಅದಕ್ಕೆ ಕಟ್ಟದಿರಲಿ.

*

ಮೈ ಮುಟ್ಟಿದವನು ಮನೆಯವನೇ ಆಗಿದ್ದರೆ ರಾಜಿಗೆ ಜಾಗವಿಲ್ಲ. ‘ಯಾರ ಮುಂದೂ ಹೇಳಬ್ಯಾಡ’ ಎಂದವರು ಮರ್ಯಾದೆ ಉಳಿಸಿದ್ದು ಅವನದು, ಹುಡುಗಿಯದಲ್ಲ. 2012ರ ಪೋಕ್ಸೊ ಕಾಯ್ದೆಯು ವಿಷಯ ಗೊತ್ತಿದ್ದೂ ದೂರು ಕೊಡದಿರುವುದನ್ನೇ ಅಪರಾಧ ಎನ್ನುತ್ತದೆ. ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಬರುವಂತಿಲ್ಲ, ಮಗುವಿಗೆ ನಂಬಿಕೆಯಿರುವವರು ಜೊತೆಗಿರಬೇಕು, ಮನೆಯಲ್ಲಿ ಅಥವಾ ಮಗು ಬಯಸಿದ ಕಡೆ ಕೂತು ಕೇಳಬಹುದು. ಇದು ತಿಳಿಯದೆ ಠಾಣೆಗೆ ಅಂಜಿ ಸುಮ್ಮನಾದ ಅವ್ವಂದಿರು ಎಷ್ಟೋ. ಮಕ್ಕಳ ಸಹಾಯವಾಣಿ 1098. ನೆನಪಿಡಲು ನಾಲ್ಕೇ ಅಂಕಿ.

*

ಆಯಿ ಮಗುವಿಗೆ ದೃಷ್ಟಿ ತೆಗೆಯುತ್ತಾಳೆ, ದರ್ಗಾಕ್ಕೆ ಹೋಗಿ ತಾಯಿತ ಕಟ್ಟಿಸುತ್ತಾಳೆ. ನಗಬೇಡಿ. ಅಷ್ಟು ಹೊತ್ತು ಯಾರೋ ಅದನ್ನು ತೊಡೆಯ ಮೇಲೆ ಕೂಡಿಸಿಕೊಂಡು ತಲೆ ಸವರಿದ್ದಾರೆ. ಆದರೆ ತಿಂಗಳಾದರೂ ರಾತ್ರಿ ಚೀರುವುದು, ಹಾಸಿಗೆ ಒದ್ದೆಯಾಗುವುದು, ಊಟ ಬಿಡುವುದು, ‘ಸಾಯ್ಬೇಕನಿಸ್ತದ’ ಎನ್ನುವುದು ಇದ್ದರೆ ತಾಯಿತದ ಜೊತೆ ವೈದ್ಯರೂ ಬೇಕು. ಕೊನೆಯ ಮಾತಿಗಂತೂ ಒಂದು ದಿನವೂ ಕಾಯಬಾರದು. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರಲೆಂದು ರಾಜ್ಯ ಸರ್ಕಾರ ಮಾಡಿದ ‘ಮನೋಚೈತನ್ಯ’ದ ದಿನ ಮಂಗಳವಾರ, ಹೊರಡುವ ಮೊದಲು ಆಶಾ ಕಾರ್ಯಕರ್ತೆಯನ್ನು ಕೇಳಿಕೊಳ್ಳಿ. ಶಕ್ತಿ ಯೋಜನೆಯಿಂದ 2023ರಿಂದೀಚೆಗೆ ಆಯಿಗೂ ಮೊಮ್ಮಗಳಿಗೂ ಸುಲೇಪೇಟದಿಂದ ಚಿಂಚೋಳಿಗೆ ಬಸ್ಸು ಪುಕ್ಕಟೆ. ಖರ್ಚಾಗುವುದು ಆ ದಿನದ ಕೂಲಿ. ಅದರ ಲೆಕ್ಕವನ್ನು ಮಗುವಿನ ಮುಂದೆ ತೆಗೆಯಬೇಡಿ.